ಶಾಲೆಗೆ ಹಾಸ್ಪಿಟಲ್ ಎಂದು ಹೆಸರಿಟ್ಟವರು ಯಾರು?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಸಸೆಕ್ಸ್ ಕಡೆ ರೈಲಿನಲ್ಲಿ ಹೋಗುವಾಗ 'ಕ್ರೈಸ್ಟ್ಸ್ ಹಾಸ್ಪಿಟಲ್' ಎಂಬ ನಿಲ್ದಾಣ ಬಂತು. ದೊಡ್ಡ ಆಸ್ಪತ್ರೆ ಇರಬೇಕು ಅಂದುಕೊಂಡೆ. ವಿಚಾರಿಸಿದರೆ ಅದು ಶಾಲೆಯಂತೆ! ಲಂಡನ್ನಿನ 'ರಾಯಲ್ ಹಾಸ್ಪಿಟಲ್'ನಲ್ಲಿ ರೋಗಿಗಳ ಬದಲು ಕೆಂಪು ಕೋಟು ತೊಟ್ಟ ವಯಸ್ಸಾದ ಸೈನಿಕರು ಓಡಾಡುತ್ತಿದ್ದರು. 'ಟೆಂಪಲ್' ಎಂಬ ಜಾಗದ ತುಂಬ ವಕೀಲರು. ಇತ್ತ ನಾನು "ಯಾವುದಾದರೂ ಹೋಟೆಲಿನಲ್ಲಿ ತಿಂಡಿ ತಿನ್ನೋಣ" ಎಂದರೆ ಅಳಿಯ ನಗುತ್ತಾನೆ. ಅವರ ಮನೆಯ 'ಹಾಲ್' ಚಪ್ಪಲಿ ಬಿಡುವಷ್ಟೇ ಜಾಗ. ಈ ಪದಗಳನ್ನು ತಪ್ಪಾಗಿ ಬಳಸುತ್ತಿರುವವರು ನಾವೋ, ಅವರೋ?

ಉತ್ತರ: ಇಬ್ಬರೂ ಅಲ್ಲ. ಆದರೆ ನಿಮ್ಮ ಪ್ರಶ್ನೆ ಕೇಳಿದ ಕೂಡಲೇ ಡಿಕ್ಷನರಿ ತೆಗೆದು "ಮೂಲ ಅರ್ಥ ಇದು, ಆದ್ದರಿಂದ ಇದೇ ಸರಿ" ಎನ್ನುವವರು ಸಿಗುತ್ತಾರೆ. ಅವರ ಮಾತು ನಂಬಬೇಡಿ. ಕಟ್ಟಡದ ಹೆಸರಿನ ವಿಷಯದಲ್ಲಿ ಮೂಲ ಅರ್ಥ ಅಷ್ಟೇನೂ ದೂರ ಕರೆದೊಯ್ಯುವುದಿಲ್ಲ. ಆ ಕಟ್ಟಡದ ಬಾಗಿಲಲ್ಲಿ ಯಾರನ್ನು ಒಳಗೆ ಬಿಟ್ಟರು, ಖರ್ಚು ಯಾರು ಕೊಟ್ಟರು ಎಂದು ಕೇಳಿದರೆ ಪದದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಸ್ಪಿಟಲ್‌ನಿಂದಲೇ ಶುರು ಮಾಡೋಣ. ಲ್ಯಾಟಿನ್‌ನಲ್ಲಿ 'ಹಾಸ್ಪೆಸ್' ಎಂದರೆ ಅತಿಥಿ. ಅತಿಥಿಯನ್ನು ಉಪಚರಿಸುವವನಿಗೂ ಅದೇ ಪದ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಸ್ಪಿಟಲ್ ಎಂದರೆ ಹೆಚ್ಚುಕಮ್ಮಿ ನಮ್ಮ ಹಳೇ ಕಾಲದ ಛತ್ರ. ಯಾತ್ರಿಕರು, ಬಡವರು, ಮುದುಕರು, ಅನಾಥರು, ಕಾಯಿಲೆಯವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ನಡೆಸುತ್ತಿದ್ದವರು ಬಹುಮಟ್ಟಿಗೆ ಮಠದ ಸನ್ಯಾಸಿಗಳು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಹಾಸ್ಪಿಟಲ್ 1123ರಲ್ಲಿ ಶುರುವಾದದ್ದು ಹೀಗೇ. ಅಲ್ಲಿ ಔಷಧಿಗಿಂತ ಜಾಸ್ತಿ ಸಿಗುತ್ತಿದ್ದುದು ಹಾಸಿಗೆ, ಗಂಜಿ ಮತ್ತು ಪ್ರಾರ್ಥನೆ.

ಆಮೇಲೆ ಎಂಟನೇ ಹೆನ್ರಿ ಬಂದ. 1536ರಿಂದ ನಾಲ್ಕೈದು ವರ್ಷಗಳಲ್ಲಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ. ಮಠದ ಜೊತೆಗೆ ಎಷ್ಟೋ ಹಾಸ್ಪಿಟಲ್‌ಗಳೂ ಹೋದವು. ಅಲ್ಲಿದ್ದವರು ಬೀದಿಗೆ ಬಿದ್ದರು. ಲಂಡನ್ ನಗರದ ಹಿರಿಯರು ರಾಜನ ಮುಂದೆ ಗೋಗರೆದರು. ಹೆನ್ರಿಯ ಕೊನೆಗಾಲದಿಂದ ಅವನ ಮಗ ಆರನೇ ಎಡ್ವರ್ಡ್‌ನ ಕಾಲದವರೆಗೆ, ಅಂದರೆ 1546ರಿಂದ 1553ರ ನಡುವೆ, ಐದು ಸಂಸ್ಥೆಗಳು ನಗರದ ಕೈಗೆ ಬಂದವು. ಐದಕ್ಕೂ ಒಟ್ಟಿಗೆ ರಾಯಲ್ ಹಾಸ್ಪಿಟಲ್‌ಗಳು ಎಂದೇ ಹೆಸರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಗೊಂದಲದ ಬೇರು ಇಲ್ಲೇ ಇದೆ. ಮೊದಲು ಒಂದೇ ಸೂರಿನಡಿ ಇರುತ್ತಿದ್ದ ಜನರನ್ನು ನಗರದ ಹಿರಿಯರು ಬೇರೆ ಬೇರೆ ಮಾಡಿದರು. ಕಾಯಿಲೆಯವರು ಸೇಂಟ್ ಬಾರ್ತಲೋಮ್ಯೂಸ್‌ಗೆ ಮತ್ತು ಸೇಂಟ್ ಥಾಮಸ್‌ಗೆ. ಬುದ್ಧಿ ಸ್ಥಿಮಿತ ಇಲ್ಲದವರು ಬೆತ್ಲೆಮ್‌ಗೆ. ದಿಕ್ಕಿಲ್ಲದ ಮಕ್ಕಳು ಕ್ರೈಸ್ಟ್ಸ್ ಹಾಸ್ಪಿಟಲ್‌ಗೆ. ಮೈಬಗ್ಗಿಸಿ ದುಡಿಯದವರು, ಅಲೆಮಾರಿಗಳು ಎನಿಸಿಕೊಂಡವರು ಬ್ರೈಡ್‌ವೆಲ್‌ಗೆ. ಐದೂ ಹಾಸ್ಪಿಟಲ್‌ಗಳೇ. ಆದರೆ ಒಳಗಿನ ಜನ ಬೇರೆಯಾದ ಮೇಲೆ ಒಳಗಿನ ಕೆಲಸವೂ ಬೇರೆಯಾಗಲೇಬೇಕು, ಅಲ್ವಾ?

ಮಕ್ಕಳಿದ್ದ ಮನೆಯಲ್ಲಿ ಪಾಠ ಶುರುವಾಯಿತು. 1552ರಲ್ಲಿ ಸ್ಥಾಪನೆಯಾದ ಕ್ರೈಸ್ಟ್ಸ್ ಹಾಸ್ಪಿಟಲ್ ಹಾಗೇ ಶಾಲೆಯಾಗಿ ಬೆಳೆಯಿತು. 1902ರಲ್ಲಿ ಲಂಡನ್ ಬಿಟ್ಟು ಸಸೆಕ್ಸ್‌ನ ಹಾರ್ಶಮ್ ಹತ್ತಿರ ಹೋಯಿತು. ಹೆಸರನ್ನೂ ಮಕ್ಕಳ ಉದ್ದನೆಯ ನೀಲಿ ಕೋಟನ್ನೂ ಜೊತೆಗೇ ಒಯ್ದಿತು. ನೀವು ನೋಡಿದ ನಿಲ್ದಾಣ ಆ ಶಾಲೆಯದ್ದು.

ಬ್ರೈಡ್‌ವೆಲ್‌ನ ಗತಿ ಇನ್ನೂ ವಿಚಿತ್ರ. ಅದು ಮೊದಲು ಎಂಟನೇ ಹೆನ್ರಿ ತನಗಾಗಿ ಕಟ್ಟಿಸಿಕೊಂಡ ಅರಮನೆ. ಸೇಂಟ್ ಬ್ರೈಡ್ ಎಂಬ ಸಂತಳ ಹೆಸರಿನ ಬಾವಿ ಪಕ್ಕದಲ್ಲಿತ್ತು, ಅದಕ್ಕೇ ಆ ಹೆಸರು. ಎಡ್ವರ್ಡ್ ಅದನ್ನು 1553ರಲ್ಲಿ ನಗರಕ್ಕೆ ದಾನ ಮಾಡಿದ. ಸೋಮಾರಿಗಳಿಗೆ ಕೆಲಸ ಕಲಿಸುವ ಮನೆ ಎಂಬುದು ಉದ್ದೇಶ. ಕೆಲಸದ ಜೊತೆಗೆ ಚಾಟಿ ಏಟೂ ಇತ್ತು. ಬೇಗನೇ ಅದು ಸೆರೆಮನೆಯಾಯಿತು. ಬೇರೆ ಊರುಗಳಲ್ಲೂ ಅಂಥವೇ ಸೆರೆಮನೆಗಳು ಎದ್ದಾಗ ಅವಕ್ಕೂ ಬ್ರೈಡ್‌ವೆಲ್ ಎಂದೇ ಕರೆದರು. ಒಂದು ಬಾವಿಯ ಹೆಸರು ಅರಮನೆಗೆ ಹೋಗಿ, ಅರಮನೆಯಿಂದ ಜೈಲಿಗೆ ಹೋಗಿ, ಕೊನೆಗೆ ಎಲ್ಲಾ ಜೈಲುಗಳಿಗೂ ಅಂಟಿಕೊಂಡಿತು.

ಬೆತ್ಲೆಮ್ ಕಥೆ ಓದಿದರೆ ಬೇಜಾರಾಗುತ್ತದೆ. 1247ರಲ್ಲಿ ಅದು ಬೆತ್ಲೆಹೆಮ್‌ನ ಸಂತ ಮೇರಿಯ ಹೆಸರಿನ ಸಣ್ಣ ಮಠ. 1400ರ ಹೊತ್ತಿಗೆ ಅಲ್ಲಿ ಮಾನಸಿಕ ಕಾಯಿಲೆಯವರನ್ನು ಇಡುತ್ತಿದ್ದರು. ಜನರ ಬಾಯಲ್ಲಿ ಬೆತ್ಲೆಮ್ ಎಂಬುದು ಬೆಡ್ಲಮ್ ಆಯಿತು. 1676ರಲ್ಲಿ ಮೂರ್‌ಫೀಲ್ಡ್ಸ್ ಎಂಬಲ್ಲಿ ಭವ್ಯವಾದ ಹೊಸ ಕಟ್ಟಡ ಎದ್ದಿತು. ನಕ್ಷೆ ಹಾಕಿದವನು ವಿಜ್ಞಾನಿ ರಾಬರ್ಟ್ ಹುಕ್. ಹೊರಗಿನಿಂದ ಅರಮನೆ. ಒಳಗೆ ಸರಪಳಿ, ಒಣಹುಲ್ಲಿನ ಹಾಸಿಗೆ. ಊರಿನ ಜನ ಕಾಸು ಹಾಕಿ ಒಳಗೆ ಹೋಗಿ ರೋಗಿಗಳನ್ನು ನೋಡಿ ನಗುತ್ತಿದ್ದರು. ಕಂಡಕಂಡವರು ಬರುವುದಕ್ಕೆ ತಡೆ ಬಿದ್ದದ್ದು 1770ರಲ್ಲಿ. ಅಷ್ಟರಲ್ಲಿ ಇಂಗ್ಲಿಷಿನಲ್ಲಿ ಬೆಡ್ಲಮ್ ಎಂದರೆ ಗದ್ದಲ, ಅಲ್ಲೋಲಕಲ್ಲೋಲ ಎಂದಾಗಿಬಿಟ್ಟಿತ್ತು. 1815ರಲ್ಲಿ ಆ ಸಂಸ್ಥೆ ಥೇಮ್ಸ್ ನದಿಯ ಆಚೆ ದಡಕ್ಕೆ ಹೋಯಿತು. ಅಲ್ಲಿನ ಗುಮ್ಮಟದ ಕಟ್ಟಡ ಇವತ್ತು ಇಂಪೀರಿಯಲ್ ವಾರ್ ಮ್ಯೂಸಿಯಮ್. ಮುಂದಿನ ಸಲ ಹೋದಾಗ ನೋಡಿ. ಮುಂದೆ ಫಿರಂಗಿ, ಒಳಗೆ ಯುದ್ಧದ ವಿಮಾನ. ಹಿಂದೊಮ್ಮೆ ಅದು ಹುಚ್ಚಾಸ್ಪತ್ರೆಯಾಗಿತ್ತು ಎಂದು ನೋಡಿದ ತಕ್ಷಣ ಹೊಳೆಯುವುದೇ ಇಲ್ಲ.

ಐದರಲ್ಲಿ ಉಳಿದ ಎರಡು, ಅಂದರೆ ರೋಗಿಗಳಿದ್ದ ಮನೆಗಳು, ಹಾಸ್ಪಿಟಲ್ ಎಂಬ ಪದವನ್ನು ತಮ್ಮದಾಗಿಸಿಕೊಂಡವು. ಇದೂ ಒಂದೇ ದಿನದಲ್ಲಿ ಆದದ್ದಲ್ಲ. 1682ರಲ್ಲಿ ಎರಡನೇ ಚಾರ್ಲ್ಸ್ ಚೆಲ್ಸಿಯಲ್ಲಿ ಸೈನಿಕರಿಗೆ ಮನೆ ಕಟ್ಟಿಸಲು ಹೊರಟಾಗ ಹಾಸ್ಪಿಟಲ್ ಎಂದೇ ಹೆಸರಿಟ್ಟ. ನೀವು ಕಂಡ ಕೆಂಪು ಕೋಟಿನವರು ಅದರ ನಿವಾಸಿಗಳು. 1739ರಲ್ಲಿ ಥಾಮಸ್ ಕೋರಮ್ ಎಂಬ ಹಳೇ ನಾವಿಕ ತಾಯಂದಿರು ಬಿಟ್ಟುಹೋಗುವ ಶಿಶುಗಳಿಗೆ ಆಸರೆ ಮಾಡಿದಾಗಲೂ ಅದು ಫೌಂಡ್ಲಿಂಗ್ ಹಾಸ್ಪಿಟಲ್. ಅದೇ ಶತಮಾನದಲ್ಲಿ ದಾನಿಗಳು ಕಟ್ಟಿಸಿದ ಗೈಸ್ ಮುಂತಾದ ಆಸ್ಪತ್ರೆಗಳು ಎದ್ದವು, ವೈದ್ಯರು ಅಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದರು. ಅಲ್ಲಿಂದ ಪದ ವಾಲಿತು. ಆದರೂ 19ನೇ ಶತಮಾನದಲ್ಲಿ ಹಣವಂತರು ಹಾಸ್ಪಿಟಲ್ ಕಡೆ ತಲೆ ಹಾಕುತ್ತಿರಲಿಲ್ಲ. ಡಾಕ್ಟರನ್ನು ಮನೆಗೇ ಕರೆಸುತ್ತಿದ್ದರು. ಅರಿವಳಿಕೆ ಬಂದು, ಗಾಯಕ್ಕೆ ಕೀವು ಹಿಡಿಯದಂತೆ ಆಪರೇಷನ್ ಮಾಡುವ ವಿದ್ಯೆ ಬಂದ ಮೇಲೆಯೇ ಅವರೂ ಬಂದರು. ಕನ್ನಡದ ಆಸ್ಪತ್ರೆ ಈ ಪದದ್ದೇ ಕೂಸು. ಅದು ನಮ್ಮಲ್ಲಿ ನೆಲೆಯೂರುವಾಗ ಅತಿಥಿಗಳೆಲ್ಲ ಹೊರಟುಹೋಗಿ ರೋಗಿಗಳಷ್ಟೇ ಉಳಿದಿದ್ದರು.

ಈಗ ಹೋಟೆಲ್. ಹಾಸ್ಪಿಟಲ್ ಪದವೇ ಫ್ರಾನ್ಸ್‌ನಲ್ಲಿ ಸವೆದು ಸವೆದು 'ಓತೆಲ್' ಆಯಿತು. ಅಲ್ಲಿ ಅದು ದೊಡ್ಡ ಮನೆ. ಶ್ರೀಮಂತರ ಬಂಗಲೆಗೂ ಅದೇ ಪದ, ಸಾರ್ವಜನಿಕ ಕಟ್ಟಡಕ್ಕೂ ಅದೇ. ಪ್ಯಾರಿಸ್‌ನ 'ಓತೆಲ್ ದ ವಿಲ್' ನಗರಸಭೆ. 'ಓತೆಲ್ ದ್ಯೂ' ಆಸ್ಪತ್ರೆ. ಗಾಯಾಳು ಸೈನಿಕರಿಗಾಗಿ 14ನೇ ಲೂಯಿ 1670ರಲ್ಲಿ ಆರಂಭಿಸಿದ ಮನೆ 'ಓತೆಲ್ ದೆಜ್ ಆಂವಲೀದ್'. ಅದನ್ನು ನೋಡಿಯೇ ಚಾರ್ಲ್ಸ್ ಚೆಲ್ಸಿಯಲ್ಲಿ ಕಟ್ಟಿಸಿದ್ದು. ಒಂದೇ ಬಗೆಯ ಮನೆ. ಪ್ಯಾರಿಸ್‌ನಲ್ಲಿ ಹೋಟೆಲ್, ಲಂಡನ್ನಿನಲ್ಲಿ ಹಾಸ್ಪಿಟಲ್!

ಇಂಗ್ಲಿಷರು ಹೋಟೆಲ್ ಪದವನ್ನು ಫ್ರೆಂಚರಿಂದ ಮತ್ತೆ ತಂದುಕೊಂಡು, 18ನೇ ಶತಮಾನದ ಕೊನೆಯ ಭಾಗದಲ್ಲಿ ದುಬಾರಿ ವಸತಿಗೃಹಕ್ಕೆ ಇಟ್ಟರು. 'ಇನ್' ಎಂಬ ಹಳೇ ಪದ ಇತ್ತು. ಆದರೆ ಇನ್ ಎಂದರೆ ಕುದುರೆ ಲಾಯ, ಗಾಡಿಯವರು, ಗಲಾಟೆ. ಗಣ್ಯರಿಗೆ ಫ್ರೆಂಚ್ ಹೆಸರು ಬೇಕಿತ್ತು. ನಮ್ಮಲ್ಲಿಗೆ ಬಂದ ಮೇಲೆ ಹೋಟೆಲ್‌ನ ಹಾಸಿಗೆ ಹೋಗಿ ಎಲೆ ಉಳಿಯಿತು. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಪೇಟೆಗೆ ಕೋರ್ಟು ಕಚೇರಿ ಕೆಲಸಕ್ಕೆ ಬಂದವನಿಗೆ ರಾತ್ರಿ ತಂಗಲು ನೆಂಟರ ಮನೆ ಇತ್ತು, ಛತ್ರ ಇತ್ತು. ಕಾಸು ಕೊಟ್ಟು ಊಟ ಮಾಡುವ ಜಾಗವೇ ಹೊಸದು. ಹೊಸ ಪದ ಹೊಸ ವಸ್ತುವಿಗೆ ಅಂಟಿಕೊಂಡಿತು. ಉಡುಪಿ ಹೋಟೆಲ್, ಮಿಲಿಟರಿ ಹೋಟೆಲ್ ಎನ್ನುವಾಗ ರೂಮಿನ ಯೋಚನೆ ಯಾರಿಗೂ ಬರುವುದಿಲ್ಲ. ರೂಮ್ ಬೇಕಾದಾಗ ನಾವು ಲಾಡ್ಜ್ ಹುಡುಕುತ್ತೇವೆ. ಲಾಡ್ಜ್ ಇಂಗ್ಲೆಂಡಿನಲ್ಲಿ ಕಾಡಿನ ಗುಡಿಸಲು, ಬೇಟೆಗಾರನ ಮನೆ ಅಥವಾ ಗೇಟು ಕಾಯುವವನ ಕೋಣೆ. ಮೆಜೆಸ್ಟಿಕ್‌ನ ಲಾಡ್ಜ್‌ಗಳನ್ನು ನೋಡಿದರೆ ಆ ಬೇಟೆಗಾರ ಕಂಗಾಲಾಗುತ್ತಾನೆ.

ಒಂದು ಸಣ್ಣ ಅಡ್ಡಮಾತು. ಹಿಂದೆ ನಮ್ಮಲ್ಲಿ ಹೋಟೆಲಿಗೆ 'ಕಾಫಿ ಕ್ಲಬ್' ಎಂಬ ಹೆಸರೂ ಇತ್ತು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಲಂಡನ್ನಿನಲ್ಲಿ ಕ್ಲಬ್ ಎಂದರೆ ಸದಸ್ಯರಲ್ಲದವರಿಗೆ ಬಾಗಿಲು ಹಾಕುವ ಜಾಗ. ನಮ್ಮ ಕಾಫಿ ಕ್ಲಬ್ಬಿಗೆ ಸದಸ್ಯತ್ವ ಇರಲಿಲ್ಲ. ಆದರೆ ಹಳೇ ಕಾಲದ ಎಷ್ಟೋ ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದರು. ಬಾಗಿಲ ಪ್ರಶ್ನೆ ಇಲ್ಲೂ ಇತ್ತು ಅನ್ನಿ.

ನಿಮ್ಮ ವಕೀಲರ ಟೆಂಪಲ್‌ಗೆ ಜಾಸ್ತಿ ಹೊತ್ತು ಬೇಡ. ಜೆರುಸಲೇಮ್‌ನ ದೇವಾಲಯದ ಹೆಸರಿಟ್ಟುಕೊಂಡ ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಪಂಥ ಇತ್ತು. ಆ ಜಾಗ ಅವರದ್ದು. 1312ರಲ್ಲಿ ಪೋಪ್ ಆ ಪಂಥವನ್ನು ರದ್ದು ಮಾಡಿದ. ಖಾಲಿಯಾದ ಜಾಗಕ್ಕೆ ವಕೀಲರು ಬಾಡಿಗೆಗೆ ಬಂದರು. ಇವತ್ತಿಗೂ ಅಲ್ಲೇ ಇದ್ದಾರೆ. ಗಾಂಧಿ, ನೆಹರೂ ಇಬ್ಬರೂ ಅಲ್ಲಿನ ವಕೀಲರ ಸಂಘವಾದ ಇನ್ನರ್ ಟೆಂಪಲ್‌ನಲ್ಲೇ ಬ್ಯಾರಿಸ್ಟರ್ ಆದದ್ದು. ಅಂಬೇಡ್ಕರ್ ಅಂಥದ್ದೇ ಇನ್ನೊಂದು ಸಂಘವಾದ ಗ್ರೇಸ್ ಇನ್‌ನಲ್ಲಿ. ಇಲ್ಲಿನ ಇನ್‌ಗೂ ಪ್ರಯಾಣಿಕರ ಇನ್‌ಗೂ ಮೂಲ ಒಂದೇ, ಉಳಿದುಕೊಳ್ಳುವ ಮನೆ. ಕಾನೂನು ಕಲಿಯುವ ಹುಡುಗರು ಅಲ್ಲಿ ಉಳಿಯುತ್ತಿದ್ದರು. ವಕೀಲರ 'ಬಾರ್' ಮತ್ತು ಕುಡಿಯುವ 'ಬಾರ್' ಎರಡೂ ಅಡ್ಡಪಟ್ಟಿಯೇ. ಒಂದರ ಆಚೆ ಜಡ್ಜ್, ಇನ್ನೊಂದರ ಆಚೆ ಬಾಟಲಿ.

ಕೆಲವು ಪದಗಳು ಮಾತ್ರ ತಾವಾಗಿ ಸರಿಯಲಿಲ್ಲ, ಜನರೇ ಅವನ್ನು ಓಡಿಸಿದರು. ವರ್ಕ್‌ಹೌಸ್ ಅಂಥದ್ದು. ಬಡವರಿಗೆ ಕೆಲಸ, ಊಟ, ಸೂರು ಕೊಡುವ ಮನೆ ಎಂದು ಅದಕ್ಕೆ ಆ ಹೆಸರು. 1834ರ ಕಾನೂನು ಅದನ್ನು ಬೇಕೆಂದೇ ಕಠಿಣ ಮಾಡಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ನಿಜವಾಗಿ ಗತಿಯಿಲ್ಲದವರು ಮಾತ್ರ ಬರಲಿ ಎಂಬ ಲೆಕ್ಕಾಚಾರ. ಹೆಸರು ಎಷ್ಟು ಕೆಟ್ಟಿತೆಂದರೆ, ಅಲ್ಲಿ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ವರ್ಕ್‌ಹೌಸ್ ಎಂದು ಬರೆಯದೆ ಬೀದಿ ವಿಳಾಸ ಹಾಕಿ ಎಂದು 1904ರಲ್ಲಿ ಅಧಿಕಾರಿಗಳೇ ಸೂಚಿಸಿದರು. 1930ರಲ್ಲಿ ಆ ವ್ಯವಸ್ಥೆ ಅಧಿಕೃತವಾಗಿ ಮುಗಿಯಿತು. ಎಷ್ಟೋ ಕಟ್ಟಡಗಳು ಸರ್ಕಾರಿ ಆಸ್ಪತ್ರೆಗಳಾದವು. ಬೋರ್ಡ್ ಬದಲಾದರೂ ಊರಿನ ಮುದುಕರು ಆ ಆಸ್ಪತ್ರೆಗೆ ಸೇರಲು ಹೆದರುತ್ತಿದ್ದರು. ಅವರ ಪಾಲಿಗೆ ಅದು ಇನ್ನೂ ವರ್ಕ್‌ಹೌಸೇ.

ಅಸೈಲಮ್ ಕೂಡ ಹೀಗೇ. ಗ್ರೀಕ್‌ನಲ್ಲಿ ಅದು ಯಾರೂ ಮುಟ್ಟಬಾರದ ಆಶ್ರಯ. ಪ್ರಾಣ ಉಳಿಸಿಕೊಳ್ಳಲು ಓಡಿಬಂದವನಿಗೆ ರಕ್ಷಣೆ ಕೊಡುವ ದೇವಸ್ಥಾನ. 19ನೇ ಶತಮಾನದಲ್ಲಿ ಅದನ್ನು ಹುಚ್ಚಾಸ್ಪತ್ರೆಗೆ ಇಟ್ಟಿದ್ದು ಒಳ್ಳೆಯ ಮನಸ್ಸಿನಿಂದಲೇ. ಬೆಡ್ಲಮ್‌ನ ಕೆಟ್ಟ ಹೆಸರಿನಿಂದ ದೂರ ಹೋಗಬೇಕಿತ್ತು. ಐವತ್ತು ಅರವತ್ತು ವರ್ಷಗಳಲ್ಲಿ ಆ ಪದವೂ ಕೆಟ್ಟಿತು. ಬ್ರಿಟನ್ 1930ರ ಕಾನೂನಿನಲ್ಲಿ ಅಸೈಲಮ್ ಕೈಬಿಟ್ಟು ಮೆಂಟಲ್ ಹಾಸ್ಪಿಟಲ್ ಎಂದಿತು. ಇದರಲ್ಲಿ ಮೈಸೂರು ಸಂಸ್ಥಾನ ಐದು ವರ್ಷ ಮುಂದಿತ್ತು ಎಂದು ಹೇಳಲು ನನಗೆ ಖುಷಿ. ಬೆಂಗಳೂರಿನ ಲ್ಯುನಾಟಿಕ್ ಅಸೈಲಮ್ 1925ರಲ್ಲೇ ಮೆಂಟಲ್ ಹಾಸ್ಪಿಟಲ್ ಆಗಿತ್ತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಷ್ಟರಲ್ಲಿ 'ಮೆಂಟಲ್' ನಮ್ಮಲ್ಲಿ ಬೈಗುಳ. ಈಗ "ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎನ್ನುವವರೂ ಇದ್ದಾರೆ. ಹೆಸರು ಬದಲಿಸಿದ ಮಾತ್ರಕ್ಕೆ ಜನರ ಭಯ, ತಿರಸ್ಕಾರ ಹೋಗುವುದಿಲ್ಲ. ಹೊಸ ಬೋರ್ಡಿಗೂ ಅದು ಹಿಂದೆಯೇ ಬರುತ್ತದೆ. ಇತ್ತ ಇಂಗ್ಲಿಷಿನಲ್ಲಿ ಅಸೈಲಮ್ ಕಟ್ಟಡವನ್ನು ಬಿಟ್ಟು ಮತ್ತೆ ಹಳೇ ಅರ್ಥಕ್ಕೆ ಮರಳಿದೆ. ಬೇರೆ ದೇಶದಿಂದ ಓಡಿಬಂದವರು ಇವತ್ತು ಕೇಳುವುದು ಅಸೈಲಮ್ಮನ್ನೇ.

ನೀವು ಕೇಳದ ಒಂದು ಪದ ಸೇರಿಸುತ್ತೇನೆ, ಏಕೆಂದರೆ ಬಾಗಿಲ ಪ್ರಶ್ನೆ ಅಲ್ಲಿ ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡಿನ 'ಪಬ್ಲಿಕ್ ಸ್ಕೂಲ್' ಭಾರೀ ಫೀಸಿನ ಖಾಸಗಿ ಶಾಲೆ. ಮನೆಗೆ ಮೇಷ್ಟರನ್ನು ಕರೆಸಿ ಓದಿಸುವ ಕಾಲದಲ್ಲಿ, ಯಾವ ಊರಿನ ಹುಡುಗನಾದರೂ ಬಂದು ಸೇರಬಹುದಾದ ಶಾಲೆ ಪಬ್ಲಿಕ್. ಬಡ ಹುಡುಗರಿಗಾಗಿ ದಾನದಿಂದ ಶುರುವಾದವೂ ಅವುಗಳಲ್ಲಿವೆ. ನಿಧಾನವಾಗಿ ಶ್ರೀಮಂತರ ಮಕ್ಕಳು ತುಂಬಿಕೊಂಡರು. 1868ರ ಪಬ್ಲಿಕ್ ಸ್ಕೂಲ್ಸ್ ಆಕ್ಟ್ ಈಟನ್, ಹ್ಯಾರೋ ಸೇರಿ ಏಳು ಶಾಲೆಗಳನ್ನು ಹೆಸರಿಸಿತು. ಆಮೇಲೆ ಪದಕ್ಕೆ ಗತ್ತು ಬಂತು. ಆ ಗತ್ತನ್ನೇ ನಮ್ಮ ಖಾಸಗಿ ಶಾಲೆಗಳು ಬೋರ್ಡಿನ ಮೇಲೆ ಬರೆಸಿಕೊಂಡಿದ್ದು. ಈಗ ಕರ್ನಾಟಕ ಸರ್ಕಾರ ತನ್ನದೇ ಶಾಲೆಗಳಿಗೆ ಕರ್ನಾಟಕ ಪಬ್ಲಿಕ್ ಸ್ಕೂಲ್ ಎಂದು ಹೆಸರಿಟ್ಟಿದೆ. ಖಾಸಗಿಯ ಮೆರುಗು ಬೇಕೆಂದು ಇಟ್ಟರೋ ಏನೋ. ಆದರೆ ಪಬ್ಲಿಕ್ ಎಂಬ ಮಾತು ಅಲ್ಲಿ ಎರಡೂ ರೀತಿಯಲ್ಲಿ ಸರಿಹೋಗಿದೆ. ಬಾಗಿಲು ಎಲ್ಲರಿಗೂ ತೆರೆದಿದೆ, ಖರ್ಚು ಸಾರ್ವಜನಿಕರದ್ದು.

ಇನ್ನು ನಿಮ್ಮ ಮನೆಯ ಹಾಲ್. ಇದರಲ್ಲಿ ಅಳಿಯನ ಎದುರು ನೀವು ಧಾರಾಳವಾಗಿ ವಾದ ಮಾಡಬಹುದು. ಹಳೇ ಇಂಗ್ಲೆಂಡಿನಲ್ಲಿ ಹಾಲ್ ಎಂದರೆ ಮನೆಯೇ. ನಡುವೆ ಬೆಂಕಿ, ಸುತ್ತ ಒಡೆಯ, ಆಳುಗಳು, ಬಂದವರು. ಅಲ್ಲೇ ಊಟ, ನ್ಯಾಯ ಪಂಚಾಯಿತಿ, ರಾತ್ರಿ ನೆಲದ ಮೇಲೆ ಹುಲ್ಲು ಹಾಸಿ ನಿದ್ದೆ. ಇಂಥ ಹಾಲ್‌ನ ದೊಡ್ಡ ಸಾಕ್ಷಿ ವೆಸ್ಟ್‌ಮಿನ್‌ಸ್ಟರ್ ಹಾಲ್. 1097ರಲ್ಲಿ ಎರಡನೇ ವಿಲಿಯಮ್ ಕಟ್ಟಿಸಲು ಶುರು ಮಾಡಿದ್ದು. ಉದ್ದ 240 ಅಡಿ. ರಾಜರ ಔತಣ ನಡೆದದ್ದೂ ಅಲ್ಲೇ, 1649ರಲ್ಲಿ ಒಂದನೇ ಚಾರ್ಲ್ಸ್‌ಗೆ ಮರಣದಂಡನೆ ವಿಧಿಸಿದ್ದೂ ಅಲ್ಲೇ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ವಿಚಾರಣೆ 1788ರಿಂದ 1795ರವರೆಗೆ ಎಳೆದದ್ದೂ ಅಲ್ಲೇ.

ಆಮೇಲೆ ಒಡೆಯರಿಗೆ ಆಳುಗಳ ಜೊತೆ ಕೂತು ಉಣ್ಣುವುದು ಬೇಡವಾಯಿತು. ಚಿಮಣಿ ಬಂದ ಮೇಲೆ ಸಣ್ಣ ಕೋಣೆಯಲ್ಲೂ ಬೆಂಕಿ ಕಾಯಿಸಬಹುದು. ಅವರು ಪಾರ್ಲರ್‌ಗೆ ಸರಿದರು. ಯಜಮಾನರು ಹಾಲ್ ಬಿಟ್ಟು ಪಾರ್ಲರ್‌ನಲ್ಲಿ ಒಬ್ಬರೇ ಉಣ್ಣುತ್ತಾರೆ ಎಂದು 14ನೇ ಶತಮಾನದ ಇಂಗ್ಲಿಷ್ ಕವಿಯೊಬ್ಬ ಗೊಣಗಿದ್ದಾನೆ. ಪಾರ್ಲರ್ ಎಂದರೆ ಮೊದಲು ಮಠದಲ್ಲಿ ಸನ್ಯಾಸಿಗಳು ಮೌನ ಮುರಿದು ಮಾತಾಡಲು ಇದ್ದ ಕೋಣೆ. ಅದು ಅಲ್ಲಿಂದ ಹೊರಟು ನಮ್ಮ ಬ್ಯೂಟಿ ಪಾರ್ಲರ್, ನಂದಿನಿ ಪಾರ್ಲರ್ ತನಕ ಬಂದಿದೆ. ಯಜಮಾನ ಹೋದ ಮೇಲೆ ಹಾಲ್ ಕುಗ್ಗುತ್ತಾ ಕುಗ್ಗುತ್ತಾ ಬಾಗಿಲ ಹಿಂದಿನ ಓಣಿಯಾಯಿತು. ನಿಮ್ಮ ಅಳಿಯ ಚಪ್ಪಲಿ ಬಿಡುವುದು ಅಲ್ಲೇ.

ನಾವು ಆ ಪದವನ್ನು ನಡುಮನೆಗೆ, ಪಡಸಾಲೆಗೆ ಇಟ್ಟೆವು. ಇವತ್ತಿನ 2 ಬಿಎಚ್‌ಕೆ ಫ್ಲ್ಯಾಟಿನಲ್ಲಿ ಎಚ್ ಎಂದರೆ ಹಾಲ್. ಅಲ್ಲೇ ಟಿವಿ, ಅಲ್ಲೇ ಊಟ, ಬಂದವರಿಗೆ ಅಲ್ಲೇ ಉಪಚಾರ. ನೆಂಟರು ಜಾಸ್ತಿಯಾದರೆ ರಾತ್ರಿ ಅಲ್ಲೇ ಸಾಲಾಗಿ ಚಾಪೆ. ವೆಸ್ಟ್‌ಮಿನ್‌ಸ್ಟರ್ ಕಟ್ಟಿಸಿದ ರಾಜನಿಗೆ ಲಂಡನ್ನಿನ ಫ್ಲ್ಯಾಟಿನ ಹಾಲ್‌ಗಿಂತ ರಾಜಾಜಿನಗರದ ಹಾಲ್ ಬೇಗ ಅರ್ಥವಾಗುತ್ತಿತ್ತು.

ಪದಗಳು ಬರೀ ಅತ್ತಲಿಂದ ಇತ್ತ ಬಂದಿಲ್ಲ. ಬೆಂಗಳೂರಿನ ಮದುವೆ ಕಾರ್ಡುಗಳಲ್ಲಿ 'ಚೌಲ್ಟ್ರಿ' ಎಂದು ನೋಡಿರುತ್ತೀರಿ. ಅಪ್ಪಟ ಇಂಗ್ಲಿಷ್ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ನಮ್ಮ ಚಾವಡಿ. ದಕ್ಷಿಣ ಭಾರತದ ಭಾಷೆಗಳಲ್ಲೆಲ್ಲ ಇರುವ ಪದ. 17ನೇ ಶತಮಾನದ ಮದರಾಸಿನಲ್ಲಿ ಕಂಪನಿಯವರು ಅದನ್ನು ಎತ್ತಿಕೊಂಡು ನಾಲಗೆ ತಿರುಚಿದರು. ಅಲ್ಲಿ ಚೌಲ್ಟ್ರಿ ಎಂದರೆ ಸಣ್ಣಪುಟ್ಟ ವ್ಯಾಜ್ಯ ತೀರಿಸುವ ಕೋರ್ಟ್. ಪ್ರಯಾಣಿಕರು ತಂಗುವ ಮಂಟಪಕ್ಕೂ ಅದೇ ಹೆಸರು. ಈಗ ಮದುವೆ ಛತ್ರ. ಛತ್ರವೂ ಹಾಗೇ ತಿರುಗಿತಲ್ಲ. ಮೆಜೆಸ್ಟಿಕ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರದಂಥವು ಹುಟ್ಟಿದ್ದು ದಾರಿಹೋಕರಿಗಾಗಿ. ಬಸ್ಸು ರೈಲು ಜಾಸ್ತಿಯಾಗಿ ದಾರಿ ನಡುವೆ ತಂಗುವುದು ಕಡಿಮೆಯಾಯಿತು. ಆದರೆ ದೊಡ್ಡ ಅಡುಗೆಮನೆ, ಸಾಲು ಪಂಕ್ತಿಗೆ ಜಾಗ ಎಲ್ಲಿದೆ ಎಂದರೆ ಛತ್ರದಲ್ಲಿ. ಮದುವೆಯವರು ಬರದೇ ಇರುತ್ತಾರೆಯೇ? ಬೀಗರ ಊಟಕ್ಕೆ ಛತ್ರಕ್ಕೆ ಹೋಗುವ ನಮಗೆ, ಶಾಲೆಯ ಹೆಸರು ಹಾಸ್ಪಿಟಲ್ ಎಂದರೆ ಅಷ್ಟು ಆಶ್ಚರ್ಯ ಆಗಬಾರದು.

ಹಾಗೆಯೇ ಜಿಮ್ಖಾನಾ. 'ಗೇಂದ್ ಖಾನಾ', ಅಂದರೆ ಚೆಂಡಿನ ಮನೆ ಎಂಬುದಕ್ಕೆ ಜಿಮ್ನಾಸ್ಟಿಕ್ಸ್‌ನ ಜಿಮ್ ಬೆರೆತು ಹುಟ್ಟಿದ ಪದ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಬ್ರಿಟಿಷರ ಕಾಲದಲ್ಲಿ ಸಾಹೇಬರ ಆಟದ ಕ್ಲಬ್ ಅದು. ಧಾರವಾಡ, ಹುಬ್ಬಳ್ಳಿ ಕಡೆಯ ಕಾಲೇಜುಗಳಲ್ಲಿ ಇವತ್ತಿಗೂ ಜಿಮ್ಖಾನಾ ಎಂದರೆ ವಿದ್ಯಾರ್ಥಿಗಳ ಆಟೋಟದ ವಿಭಾಗ. ಇಂಗ್ಲೆಂಡಿಗೆ ಹೋದ ಜಿಮ್ಖಾನಾಕ್ಕೆ ಕಟ್ಟಡವೇ ಇಲ್ಲ. ಅಲ್ಲಿ ಅದು ಹೊಲದ ಬಯಲಿನಲ್ಲಿ ಚಿಕ್ಕ ಮಕ್ಕಳು ಗಿಡ್ಡ ಕುದುರೆ ಹತ್ತಿ ಆಡುವ ಪಂದ್ಯ. ಮುಂದಿನ ಸಲ ಅಳಿಯ ಹೋಟೆಲ್ ಬಗ್ಗೆ ನಕ್ಕರೆ, ಈ ಪದ ಎಲ್ಲಿಯದು ಎಂದು ಅವನನ್ನೇ ಕೇಳಿ ನೋಡಿ.